ಲೋಕಾಭಿಪ್ರಾಯವೂ ಚನ್ನರಾಯಪಟ್ಟಣದ ನೆಲವೂ

2025ನೆಯ ಇಸವಿಯ ಜುಲೈ 15ರಂದು ವಿಧಾನಸೌಧದಲ್ಲಿ ರೈತರ ಪ್ರತಿನಿಧಿಗಳೊಡನೆ ಸಭೆ ನಡೆಸಿದ ಮುಖ್ಯಮಂತ್ರಿ ಸಿದ್ದರಾಮಯ್ಯನವರು, ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕು, ಚನ್ನರಾಯಪಟ್ಟಣ ಹೋಬಳಿಯ 13 ಗ್ರಾಮಗಳಲ್ಲಿ ರಕ್ಷಣಾ ಮತ್ತು ವೈಮಾಂತರಿಕ್ಷ ಉದ್ಯಮಗಳಿಗಾಗಿ ಗೊತ್ತುಮಾಡಿದ್ದ 1,777 ಎಕರೆ ಭೂಮಿಯ ಸ್ವಾಧೀನವನ್ನು ಸರ್ಕಾರವು ಕೈಬಿಟ್ಟಿದೆಯೆಂದು ಘೋಷಿಸಿದರು. ಹಾಸನ ಸೀಮೆಯ ಚನ್ನರಾಯಪಟ್ಟಣವನ್ನು ಬಲ್ಲವರು ಇದನ್ನು ಅದೆಂದು ಭಾವಿಸಬಾರದು. ಇದು ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಅನತಿದೂರದಲ್ಲಿರುವ, ರಾಗಿ, ಹಿಪ್ಪುನೇರಳೆ, ದ್ರಾಕ್ಷಿ, ತರಕಾರಿ, ಹೂವುಗಳನ್ನು ಬೆಳೆದು, ಹಸು ಸಾಕಿ, ಡೇರಿಗೆ ಹಾಲು ಹಾಕಿ ಬದುಕುವ ಸಾಮಾನ್ಯ ಒಕ್ಕಲು ಮಕ್ಕಳ ಹೋಬಳಿ. ಪೋಲನಹಳ್ಳಿ, ಹರಳೂರು, ಮಟ್ಟಬಾರ್ಲು, ಹ್ಯಾಡಾಳ, ಗೋಕರೆ ಬಚ್ಚೇನಹಳ್ಳಿ ಮೊದಲಾದ ಈ ಊರುಗಳ ಜನ 2022ರ ಏಪ್ರಿಲ್ 4ರಂದು ಹೂಡಿದ ಧರಣಿಗೆ ಆ ಜುಲೈ 15ರಂದು 1,198 ದಿನಗಳು ತುಂಬಿದ್ದವು.

ಸರ್ಕಾರವೊಂದು ತಾನೇ ಹೊರಡಿಸಿದ ಆಜ್ಞೆಯನ್ನು ತಾನೇ ಹಿಂತೆಗೆದುಕೊಳ್ಳುವುದು ವಿರಳವಾದ ಸಂಗತಿ. ಆ ಆಜ್ಞೆಯ ಹಿಂದೆ ಶಾಸನದ ಬಲವಿದ್ದಿತು. ಕೈಗಾರಿಕೆಯಿಂದ ಉದ್ಯೋಗವೂ ಆದಾಯವೂ ಹೆಚ್ಚುವುವೆಂಬ, ತಳ್ಳಿಹಾಕಲಾಗದ ವಾದವಿದ್ದಿತು. ರಾಜಧಾನಿಯ ಮಗ್ಗುಲಲ್ಲಿ ನೆಲಕ್ಕಾಗಿ ಕಾದಿದ್ದ ಉದ್ಯಮಲೋಕವಿದ್ದಿತು. ಎದುರು ನಿಂತ ರೈತರಲ್ಲಿ ಅಧಿಕಾರವಿರಲಿಲ್ಲ, ದ್ರವ್ಯವಿರಲಿಲ್ಲ. ಶಾಸನಸಭೆಯಲ್ಲಿ ಸರ್ಕಾರದ ಬಹುಮತವನ್ನು ಅಲುಗಿಸುವಷ್ಟು ಸಂಖ್ಯೆಯಂತೂ ಇರಲಿಲ್ಲ. ಅವರಲ್ಲಿದ್ದುದು ಮಾತು, ಆ ಮಾತನ್ನು ಮೂರು ವರ್ಷಕ್ಕೂ ಮಿಕ್ಕಿ ಪ್ರತಿದಿನ, ಒಂದೇ ಸ್ಥಳದಲ್ಲಿ ಕುಳಿತು, ಕೇಳಿಸುವಂತೆ ಆಡುವ ನಿಶ್ಚಯ. ಅಂತಹ ಮಾತು ಯಾವ ಬಗೆಯಿಂದ ಪ್ರಭುತ್ವದ ಸಂಕಲ್ಪವನ್ನು ತಿದ್ದಬಲ್ಲುದಾಯಿತೆಂಬುದನ್ನು ಸಾವಧಾನವಾಗಿ ಪರಿಶೀಲಿಸಿದರೆ, ಪ್ರಜಾಪ್ರಭುತ್ವದ ಯಂತ್ರವು ಪಠ್ಯಪುಸ್ತಕದಲ್ಲಿ ಬರೆದಿರುವುದಕ್ಕಿಂತ ಬೇರೆಯಾಗಿ ನಡೆಯುತ್ತಿರುವುದು ನಮಗೆ ಗೋಚರವಾಗುತ್ತದೆ.

ಪ್ರಜೆ ಮತ ಹಾಕುತ್ತಾನೆ, ಮತದಿಂದ ಸರ್ಕಾರ ಹುಟ್ಟುತ್ತದೆ, ಸರ್ಕಾರ ಪ್ರಜೆಯ ಇಷ್ಟವನ್ನು ನಡೆಸುತ್ತದೆ ಎಂಬುದು ನಾವೆಲ್ಲ ಶಾಲೆಯಲ್ಲಿ ಕಲಿತ ಪಾಠ. ಚನ್ನರಾಯಪಟ್ಟಣದ ಸ್ವಾಧೀನಕ್ಕೆ 2022ರ ಆರಂಭದಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಟಾಗ ಬಸವರಾಜ ಬೊಮ್ಮಾಯಿಯವರ ಸರ್ಕಾರವಿದ್ದಿತು. ಆಗ ವಿರೋಧಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯನವರು ರೈತರಿಗೆ ಬೆಂಬಲದ ಮಾತು ಹೇಳಿದ್ದರು. 2023ರ ಮೇ ತಿಂಗಳಲ್ಲಿ ಚುನಾವಣೆ ನಡೆಯಿತು, ಸರ್ಕಾರ ಬದಲಾಯಿತು, ಬೆಂಬಲ ನುಡಿದವರೇ ಮುಖ್ಯಮಂತ್ರಿಗಳಾದರು. ಹಾಗಿದ್ದೂ ಸ್ವಾಧೀನದ ಕಡತ ಮುಂದುವರಿಯುತ್ತಲೇ ಹೋಯಿತು. ಮತಪೆಟ್ಟಿಗೆಯಿಂದಲೇ ಎಲ್ಲವೂ ತೀರ್ಮಾನವಾಗುವುದಾಗಿದ್ದರೆ ಆ ಹದಿಮೂರು ಗ್ರಾಮಗಳ ಪ್ರಶ್ನೆ ಅಂದೇ ಮುಗಿಯಬೇಕಾಗಿತ್ತು. ಮತಕ್ಕೆ ಇರುವ ದೊಡ್ಡ ಕೊರತೆಯೆಂದರೆ ಅದು ಮೂಕವಾದದ್ದು. ಇಂಥವರು ಬರಲಿ ಎಂದು ಅದು ಹೇಳಬಲ್ಲುದು. ಯಾತಕ್ಕಾಗಿ ಬರಲಿ, ಬಂದು ಏನು ಮಾಡಲಿ, ಏನು ಮಾಡದಿರಲಿ ಎಂಬುದನ್ನು ಹೇಳಲಾರದು.

ಈ ಜಿಲ್ಲೆಯವರಿಗೆ ಮತದ ಮೂಕತನ ಇನ್ನೊಂದು ಬಗೆಯಲ್ಲಿಯೂ ಅನುಭವಕ್ಕೆ ಬಂದಿರುವುದುಂಟು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳೇ ಇಂದಿನ ಬೆಂಗಳೂರು ಗ್ರಾಮಾಂತರ ಜಿಲ್ಲೆ. ಆದರೆ ಬೆಂಗಳೂರು ಗ್ರಾಮಾಂತರ ಎಂಬ ಹೆಸರಿನ ಲೋಕಸಭಾ ಕ್ಷೇತ್ರದಲ್ಲಿ ಈ ನಾಲ್ಕು ವಿಧಾನಸಭಾ ಕ್ಷೇತ್ರಗಳಲ್ಲಿ ಒಂದೂ ಸೇರಿಲ್ಲ. ಕನಕಪುರ, ರಾಮನಗರ, ಚನ್ನಪಟ್ಟಣ, ಮಾಗಡಿ, ಕುಣಿಗಲ್, ಆನೇಕಲ್ ಮುಂತಾದವು ಆ ಹೆಸರಿನಡಿ ಇವೆ. ಇಲ್ಲಿಯ ನಾಲ್ಕೂ ಕ್ಷೇತ್ರಗಳು ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರಕ್ಕೆ ಮತ ಹಾಕುತ್ತವೆ. 2007ರಲ್ಲಿ ರಾಮನಗರ ಜಿಲ್ಲೆ ಪ್ರತ್ಯೇಕವಾದುದರಿಂದಲೂ ಕ್ಷೇತ್ರಗಳ ಮರುವಿಂಗಡಣೆಯಿಂದಲೂ ಹೀಗಾಗಿದೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಹೀಗಿದ್ದರೂ, ಒಂದು ಜಿಲ್ಲೆಗೆ ತನ್ನದೇ ಹೆಸರಿನ ಸಂಸತ್ಸದಸ್ಯನಿಲ್ಲದಿರುವಾಗ, ಆ ಜಿಲ್ಲೆಯ ನೆಲ, ನೀರು, ಗಾಳಿಗಳ ಪ್ರಶ್ನೆಯನ್ನು ಒಟ್ಟಾಗಿ ಎತ್ತಿ ಹೇಳುವ ಹೊಣೆ ಬೇರೆ ಕಡೆಗೆ, ಅಂದರೆ ಸ್ವತಃ ಅಲ್ಲಿಯ ಜನರ ಕಡೆಗೆ, ಹೊರಳುವುದು ಸಹಜ.

ಜನಾಭಿಪ್ರಾಯವೆಂದರೆ ಜನರ ಮನಸ್ಸಿನಲ್ಲಿರುವುದೆಲ್ಲ ಎಂದು ತಿಳಿಯುವುದು ತಪ್ಪು. ಮನೆಯ ಜಗುಲಿಯಲ್ಲಿ ಕುಳಿತು ಒಬ್ಬನೇ ಕೊರಗುವವನಿಗೆ ದುಃಖವಿರುತ್ತದೆ, ಅಭಿಪ್ರಾಯವೂ ಇರಬಹುದು. ಅದು ಜನಾಭಿಪ್ರಾಯವಾಗುವುದು ನೆರೆಯವನ ಕೊರಗೂ ತನ್ನ ಕೊರಗೂ ಒಂದೇ ಮೂಲದಿಂದ ಹುಟ್ಟಿದವೆಂದು ಇಬ್ಬರಿಗೂ ತಿಳಿದು, ಆ ತಿಳಿವಳಿಕೆ ಮೂರನೆಯವನಿಗೆ ಮುಟ್ಟಿ, ಕಡೆಗೆ ಅಧಿಕಾರದಲ್ಲಿರುವವರ ಕಿವಿಗೆ ಬಿದ್ದಾಗ. ಅಮೆರಿಕದ ದಾರ್ಶನಿಕ ಜಾನ್ ಡ್ಯೂಯಿಯವರು 1927ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಪ್ರತಿಪಾದಿಸಿದುದೂ ಇದೇ. ತಾವು ಭಾಗಿಗಳಲ್ಲದ ವ್ಯವಹಾರವೊಂದರ ಪರಿಣಾಮ ತಮ್ಮ ಮೇಲೆ ಬೀಳುತ್ತಿರುವಾಗ, ಆ ಪರಿಣಾಮವನ್ನು ಗುರುತಿಸಿಕೊಂಡು ಒಂದುಗೂಡಿದ ಮಂದಿಯನ್ನೇ ಅವರು ಸಾರ್ವಜನಿಕರೆಂದು ಕರೆದರು. ಸಂವಹನವಿಲ್ಲದೆ ಅಂತಹ ಸಾರ್ವಜನಿಕರು ಹುಟ್ಟಲಾರರೆಂದು ಭಾವಿಸಿದರು. ಅವರಿಗಿಂತ ಐದು ವರ್ಷ ಮೊದಲು ವಾಲ್ಟರ್ ಲಿಪ್‌ಮನ್ ಎಂಬ ಪತ್ರಕರ್ತರು ಇದೇ ವಿಷಯವಾಗಿ ಬರೆದು, ಜನರು ಜಗತ್ತನ್ನು ಇದ್ದಂತೆ ಕಾಣುವುದಿಲ್ಲ, ತಮ್ಮ ತಲೆಯಲ್ಲಿ ಮೂಡಿದ ಚಿತ್ರಗಳ ಮೂಲಕ ಕಾಣುತ್ತಾರೆ, ಆದಕಾರಣ ಅವರ ಅಭಿಪ್ರಾಯವನ್ನೇ ನೆಚ್ಚಿ ರಾಜ್ಯ ನಡೆಸುವುದು ಅಪಾಯಕರ ಎಂದು ಶಂಕಿಸಿದ್ದರು. ಇಬ್ಬರ ಮಾತಿನಲ್ಲೂ ಹುರುಳುಂಟು. ಆದರೆ ತಲೆಯಲ್ಲಿ ತಪ್ಪು ಚಿತ್ರವಿರುವುದು ಪ್ರಜೆಗೆ ಮಾತ್ರವೇ? ವಿಧಾನಸೌಧದ ಮೇಜಿನ ಮೇಲೆ ಹರಡಿದ ನಕ್ಷೆಯಲ್ಲಿ ಚನ್ನರಾಯಪಟ್ಟಣ ಹೋಬಳಿ ಬರಿಯ ಬಣ್ಣ ಬಳಿದ ಚೌಕವಾಗಿ ಕಾಣುವಾಗ, ಅಧಿಕಾರಿಯ ತಲೆಯ ಚಿತ್ರವೂ ಅಷ್ಟೇ ಅಪೂರ್ಣ. ಅದನ್ನು ತಿದ್ದುವವರು ಯಾರು?

ನಮ್ಮ ನಾಡಿನಲ್ಲಿ ಈ ಪ್ರಶ್ನೆಗೆ ಹಳೆಯ ಚರಿತ್ರೆಯಿದೆ. 1881ರಲ್ಲಿ ಐವತ್ತು ವರ್ಷಗಳ ಕಮಿಷನರ್ ಆಡಳಿತ ಮುಗಿದು ಮೈಸೂರು ರಾಜ್ಯವು ಒಡೆಯರ ಮನೆತನಕ್ಕೆ ಹಿಂದಿರುಗಿದ ವರ್ಷವೇ, ದಿವಾನ್ ರಂಗಾಚಾರ್ಲು ಅವರು ಅಕ್ಟೋಬರ್ 7ರಂದು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು. ಜಮೀನುದಾರರೂ ವರ್ತಕರೂ ಆದ 144 ಮಂದಿ ಆ ಮೊದಲ ಸಭೆಗೆ ಬಂದರು. ಕಾನೂನು ಮಾಡುವ ಅಧಿಕಾರ ಆ ಸಭೆಗೆ ಇರಲಿಲ್ಲ. ತೆರಿಗೆಯನ್ನು ತಡೆಯುವ ಅಧಿಕಾರವೂ ಇರಲಿಲ್ಲ. ದಿವಾನರು ರಾಜ್ಯದ ಆದಾಯ ವೆಚ್ಚಗಳನ್ನು ವಿವರಿಸುವರು, ಪ್ರತಿನಿಧಿಗಳು ತಮ್ಮ ಸೀಮೆಯ ಕುಂದುಕೊರತೆಗಳನ್ನು ಅರಿಕೆ ಮಾಡಿಕೊಳ್ಳುವರು. ಇಷ್ಟೇ. ಅದನ್ನು ಬರಿಯ ದಸರಾ ಆಡಂಬರವೆಂದು ಅಂದು ಹಗುರವಾಗಿ ಕಂಡವರೂ ಉಂಟು. ನನ್ನ ಮಟ್ಟಿಗೆ ಅದು ಘನವಾದ ಆರಂಭ. ಏಕೆಂದರೆ ಆಳುವವನು ಆಳಿಸಿಕೊಳ್ಳುವವನ ಎದುರಿಗೆ ನಿಂತು ಲೆಕ್ಕ ಒಪ್ಪಿಸಬೇಕೆಂಬ ಭಾವನೆ ಒಮ್ಮೆ ಬೇರೂರಿತೆಂದರೆ ಅದನ್ನು ಕಿತ್ತೊಗೆಯುವುದು ಸುಲಭವಲ್ಲ. ಅದೇ ಮೈಸೂರು ಸರ್ಕಾರ 1908ರಲ್ಲಿ ಪತ್ರಿಕಾ ನಿಯಂತ್ರಣ ಶಾಸನವನ್ನು ಜಾರಿಗೆ ತಂದು, ಸರ್ಕಾರದ ಅಪ್ಪಣೆಯಿಲ್ಲದೆ ಪತ್ರಿಕೆ ನಡೆಸಲಾಗದಂತೆ ಮಾಡಿದುದೂ ಚರಿತ್ರೆಯಲ್ಲಿದೆ. ಒಂದು ಕಡೆ ಕಿವಿಗೊಟ್ಟು ಇನ್ನೊಂದು ಕಡೆ ಬಾಯಿ ಮುಚ್ಚಿಸುವ ಈ ದ್ವಂದ್ವ ಸಂಸ್ಥಾನದ ಕಾಲಕ್ಕೇ ಮುಗಿದುಹೋಯಿತೆಂದು ಹೇಳುವ ಧೈರ್ಯ ನನಗಿಲ್ಲ.

ಸ್ವಾತಂತ್ರ್ಯಾನಂತರದ ಕರ್ನಾಟಕದಲ್ಲಿ ಸರ್ಕಾರವು ಕಿವಿಗೊಡದೆ ಕೆಟ್ಟ ಪ್ರಸಂಗವೂ, ಕಿವಿಗೊಟ್ಟು ತಿದ್ದಿಕೊಂಡ ಪ್ರಸಂಗವೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ನಡೆದುವು. 1980ರ ಜುಲೈಯಲ್ಲಿ ನರಗುಂದ, ನವಲಗುಂದಗಳಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರವನ್ನು ವಿರೋಧಿಸಿ ಬೀದಿಗಿಳಿದಾಗ ಗುಂಡು ಹಾರಿತು. ಅಲ್ಲಿಂದ ಎದ್ದ ರೈತಶಕ್ತಿ ರಾಜ್ಯವನ್ನೆಲ್ಲ ವ್ಯಾಪಿಸಿ, 1983ರಲ್ಲಿ ಗುಂಡೂರಾಯರ ಸರ್ಕಾರ ಬೀಳುವುದಕ್ಕೆ ಮುಖ್ಯ ಕಾರಣಗಳಲ್ಲೊಂದಾಯಿತು. ನಡುವೆ, 1982ರಲ್ಲಿ, ಶಾಲಾಶಿಕ್ಷಣದಲ್ಲಿ ಕನ್ನಡದ ಸ್ಥಾನವನ್ನು ಕುರಿತ ಗೋಕಾಕ್ ವರದಿಯ ಜಾರಿಗಾಗಿ ಸಾಹಿತಿಗಳು ನಡೆಸುತ್ತಿದ್ದ ಚಳವಳಿಗೆ ನಟ ರಾಜ್‌ಕುಮಾರ್ ಅವರು ಧುಮುಕಿದೊಡನೆ, ವಿದ್ವಾಂಸರ ಚರ್ಚೆಯಾಗಿದ್ದುದು ಬಸ್ ನಿಲ್ದಾಣದ ಮಾತಾಯಿತು, ಸರ್ಕಾರ ಮಣಿಯಬೇಕಾಯಿತು. ವಾದ ಮೊದಲೇ ಇದ್ದಿತು. ಅದಕ್ಕೆ ಎಲ್ಲರೂ ಗುರುತಿಸಬಲ್ಲ ಕಂಠವೊಂದು ದೊರೆತುದು ಅಂದಿನ ವಿಶೇಷ.

ಇನ್ನು ಚನ್ನರಾಯಪಟ್ಟಣದ ಪ್ರಕರಣವನ್ನು ಸಮೀಪದಿಂದ ನೋಡೋಣ. ಕೈಗಾರಿಕೆಗಾಗಿ ಭೂಮಿ ಪಡೆಯಲು ನಮ್ಮ ರಾಜ್ಯದಲ್ಲಿ 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಶಾಸನವಿದೆ; ಜನ ಕೆಐಎಡಿಬಿ ಎಂದು ಕರೆಯುವ ಮಂಡಳಿ ಅದರಿಂದ ಹುಟ್ಟಿದ್ದು. ಆ ಶಾಸನದ 28ನೆಯ ಪ್ರಕರಣದ ಮೊದಲ ಉಪಪ್ರಕರಣದಂತೆ ಪ್ರಾಥಮಿಕ ಅಧಿಸೂಚನೆ ಹೊರಡುತ್ತದೆ. ಜಮೀನಿನ ಒಡೆಯನಿಗೆ ನೋಟಿಸು ಬರುತ್ತದೆ. ಮೂವತ್ತು ದಿನಗಳ ಅವಧಿಯಲ್ಲಿ ಆತ ಆಕ್ಷೇಪಣೆ ಸಲ್ಲಿಸಬಹುದು. ವಿಚಾರಣೆಯಾದ ಮೇಲೆ ನಾಲ್ಕನೆಯ ಉಪಪ್ರಕರಣದಂತೆ ಅಂತಿಮ ಅಧಿಸೂಚನೆ. ಕೇಂದ್ರದ 2013ರ ಭೂಸ್ವಾಧೀನ ಶಾಸನದಲ್ಲಿ ಖಾಸಗಿ ಕಂಪನಿಗಳಿಗಾಗಿ ಭೂಮಿ ಪಡೆಯುವಾಗ ಶೇಕಡ 80ರಷ್ಟು ಬಾಧಿತರ ಒಪ್ಪಿಗೆ ಬೇಕೆಂಬ ಕಟ್ಟಳೆಯಿದೆ, ಸಾಮಾಜಿಕ ಪರಿಣಾಮದ ಅಧ್ಯಯನವಾಗಬೇಕೆಂಬ ವಿಧಿಯಿದೆ. 1966ರ ರಾಜ್ಯ ಶಾಸನದ ದಾರಿಯಲ್ಲಿ ಅಂತಹ ಒಪ್ಪಿಗೆಯ ಮೆಟ್ಟಿಲು ಇಲ್ಲ.

ಆ ನೋಟಿಸನ್ನು ಒಮ್ಮೆ ಕೈಯಲ್ಲಿ ಹಿಡಿದು ಓದಿದರೆ ಅದರ ಸ್ವಭಾವ ತಿಳಿಯುತ್ತದೆ. ಸರ್ವೆ ನಂಬರು, ಎಕರೆ ಗುಂಟೆಗಳಲ್ಲಿ ವಿಸ್ತೀರ್ಣ, ಖರಾಬು ಎಷ್ಟು, ಖಾತೆದಾರರ ಹೆಸರು, ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ದಾರಿ, ಉತ್ತರಕ್ಕೆ ಕೆರೆ ಅಂಗಳ ಎಂದು ಚಕ್ಕುಬಂದಿ. ಖಾತೆ ಇನ್ನೂ ಅಜ್ಜನ ಹೆಸರಿನಲ್ಲಿದ್ದು ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಭಾಗ ಮಾಡಿಕೊಂಡಿದ್ದರೆ, ಉಳುತ್ತಿರುವ ಮೊಮ್ಮಗನ ಹೆಸರು ಆ ಕಾಗದದಲ್ಲಿ ಇರುವುದೇ ಇಲ್ಲ. ಆ ಹೊಲದಲ್ಲಿ ಕಳೆ ಕೀಳಲು ಬರುವ ಕೂಲಿ ಹೆಂಗಸಿನ ಹೆಸರು ಮೊದಲೇ ಇರದು. ಎಂದರೆ, ಶಾಸನವು ಒಬ್ಬೊಬ್ಬ ಖಾತೆದಾರನನ್ನು ಒಬ್ಬೊಬ್ಬನಾಗಿಯೇ ಮಾತನಾಡಿಸುತ್ತದೆ; ನಿನ್ನ ಎರಡು ಎಕರೆ ಹದಿನಾಲ್ಕು ಗುಂಟೆಗೆ ನಿನ್ನ ತಕರಾರೇನು ಎಂದು ಕೇಳುತ್ತದೆ. ಹದಿಮೂರು ಗ್ರಾಮಗಳು ಒಟ್ಟಿಗೆ ಇಲ್ಲವಾದರೆ ಏನಾಗುವುದೆಂಬ ಪ್ರಶ್ನೆಗೆ ಆ ನಮೂನೆಯಲ್ಲಿ ಅಂಕಣವಿಲ್ಲ. 1,777 ಎಕರೆಯೆಂದರೆ ಏಳು ಚದರ ಕಿಲೋಮೀಟರಿಗೂ ಮಿಗಿಲಾದ ನೆಲ. ಅದನ್ನು ಗುಂಟೆಗಳಾಗಿ ಒಡೆದು ವಿಚಾರಿಸಿದಾಗ ಒಟ್ಟು ನಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ.

ಚನ್ನರಾಯಪಟ್ಟಣದ ರೈತರು ಮಾಡಿದ ಮೊದಲ ಕೆಲಸ, ಒಡೆದು ಕೇಳಿದ ಪ್ರಶ್ನೆಗೆ ಕೂಡಿ ಉತ್ತರ ಕೊಟ್ಟುದು. ಭೂಸ್ವಾಧೀನ ವಿರೋಧಿ ಹೋರಾಟ ಸಮಿತಿಯೆಂದು ಕಟ್ಟಿಕೊಂಡು, ಹೋಬಳಿ ಕೇಂದ್ರದಲ್ಲಿ ನಾಡಕಚೇರಿಯ ಎದುರು ಶಾಮಿಯಾನ ಹಾಕಿ ಕುಳಿತರು. ಅನಿರ್ದಿಷ್ಟಾವಧಿ ಧರಣಿಯೆಂಬ ಮಾತನ್ನು ನಾವು ಪತ್ರಿಕೆಯಲ್ಲಿ ನಿತ್ಯ ಓದುತ್ತೇವೆ. ಅದು ಮಾಡುವ ಕೆಲಸವನ್ನು ಸಾಮಾನ್ಯವಾಗಿ ಲಕ್ಷಿಸುವುದಿಲ್ಲ. ಪಹಣಿಗೆಂದೋ ಜಾತಿ ಪ್ರಮಾಣಪತ್ರಕ್ಕೆಂದೋ ಪಿಂಚಣಿಗೆಂದೋ ನಾಡಕಚೇರಿಗೆ ಬರುವ ಪ್ರತಿಯೊಬ್ಬನೂ ಆ ಶಾಮಿಯಾನವನ್ನು ದಾಟಿಯೇ ಹೋಗಬೇಕು. ಒಳಗೆ ಕುಳಿತವರಲ್ಲಿ ತನ್ನ ಊರಿನ ದೊಡ್ಡಪ್ಪನನ್ನೋ ಅತ್ತಿಗೆಯನ್ನೋ ಕಾಣುತ್ತಾನೆ. ಜರ್ಮನಿಯ ಎಲಿಸಬೆತ್ ನೋಯಲ್-ನಾಯ್ಮನ್ ಎಂಬ ವಿದುಷಿ 1974ರಲ್ಲಿ ಮೌನದ ಸುರುಳಿಯೆಂಬ ಸಿದ್ಧಾಂತವನ್ನು ಮಂಡಿಸಿದರು. ತನ್ನ ಅಭಿಪ್ರಾಯ ತನ್ನೊಬ್ಬನದೇ ಎಂದು ಭಾವಿಸಿದವನು ಒಂಟಿಯಾಗುವ ಭಯದಿಂದ ಬಾಯಿ ಮುಚ್ಚಿಕೊಳ್ಳುತ್ತಾನೆ. ಅವನ ಮೌನವನ್ನು ನೋಡಿ ಇನ್ನೊಬ್ಬನೂ ಮೌನಿಯಾಗುತ್ತಾನೆ. ಹೀಗೆ ಬಹುಮಂದಿಯ ಅಭಿಪ್ರಾಯವೇ ಅಲ್ಪಮತದಂತೆ ತೋರಬಹುದು. ಭೂಸ್ವಾಧೀನದ ಊರುಗಳಲ್ಲಿ ಆಗುವುದು ಇದೇ. ಪಕ್ಕದವನು ಆಗಲೇ ಒಪ್ಪಿ ಸಹಿ ಹಾಕಿದ್ದಾನಂತೆ, ನೀನೊಬ್ಬನೇ ಹಟ ಹಿಡಿದರೆ ಪರಿಹಾರದ ಹಣ ಕೋರ್ಟಿಗೆ ಹೋಗುತ್ತದಂತೆ ಎಂಬ ‘ಅಂತೆ’ಗಳು ದಲ್ಲಾಳಿಗಳ ಬಾಯಿಂದ ಹರಡುತ್ತವೆ. ಪ್ರತಿದಿನ ಕಣ್ಣಿಗೆ ಕಾಣುವ ಧರಣಿ ಈ ಸುರುಳಿಯನ್ನು ಬಿಚ್ಚುತ್ತದೆ. ಒಪ್ಪದವನು ತಾನೊಬ್ಬನೇ ಅಲ್ಲವೆಂಬುದು ಪ್ರತ್ಯಕ್ಷವಾಗುತ್ತದೆ.

ಎರಡನೆಯ ಕೆಲಸ ಇನ್ನೂ ಸೂಕ್ಷ್ಮವಾದದ್ದು. ಇಡೀ ಪ್ರಕರಣದ ಮರ್ಮ ಅಲ್ಲಿದೆಯೆಂದು ನನ್ನ ಅಭಿಪ್ರಾಯ. ವಿಮಾನ ನಿಲ್ದಾಣಕ್ಕಾಗಿ ಸುಮಾರು 4,000 ಎಕರೆ ಹೋದುದನ್ನು, 2008ರಲ್ಲಿ ಅದು ತೆರೆದ ಮೇಲೆ ಸುತ್ತಲ ನೆಲಕ್ಕೆ ಬಂದ ಬೆಲೆಯನ್ನು, ಆ ಬೆಲೆಯ ಹಣ ಕೆಲವು ಮನೆಗಳಲ್ಲಿ ಕೆಲವೇ ವರ್ಷಗಳಲ್ಲಿ ಕರಗಿದುದನ್ನು ದೇವನಹಳ್ಳಿಯ ಜನ ಕಂಡಿದ್ದಾರೆ. ಆದಕಾರಣ ಈ ಸೀಮೆಯಲ್ಲಿ ಭೂಸ್ವಾಧೀನವೆಂದರೆ ಎಕರೆಗೆ ಎಷ್ಟು ಎಂಬುದೇ ಪ್ರಶ್ನೆಯೆಂದು ಅಧಿಕಾರಿಗಳೂ ಪತ್ರಕರ್ತರೂ ಭಾವಿಸಿಕೊಂಡಿದ್ದುದು ಆಶ್ಚರ್ಯವಲ್ಲ. ಹದಿಮೂರು ಗ್ರಾಮಗಳ ಹೋರಾಟಗಾರರು ಆ ಪ್ರಶ್ನೆಗೆ ಉತ್ತರ ಹೇಳಲು ನಿರಾಕರಿಸಿದರು. ಪರಿಹಾರ ಹೆಚ್ಚಿಸಿ ಎನ್ನಲಿಲ್ಲ, ಭೂಮಿ ಕೊಡುವುದಿಲ್ಲ ಎಂದರು. ಫಲವತ್ತಾದ, ನೀರಾವರಿಯ, ರಾಜಧಾನಿಗೆ ತರಕಾರಿ ಹಾಲು ಹೂವುಗಳನ್ನು ಒದಗಿಸುವ ನೆಲವನ್ನು ಕೈಗಾರಿಕೆಗೆ ಕೊಡುವುದು ಸರಿಯೇ ಎಂದು ತಿರುಗಿ ಕೇಳಿದರು. ಆಗ ಅದು ಕೆಲವು ಕುಟುಂಬಗಳ ಆಸ್ತಿಯ ವ್ಯಾಜ್ಯವಾಗಿ ಉಳಿಯದೆ, ಬೆಂಗಳೂರಿನ ಅಡುಗೆಮನೆಗೂ ಸಂಬಂಧಿಸಿದ ಪ್ರಶ್ನೆಯಾಯಿತು. ಯಾವ ವಿವಾದದಲ್ಲಾಗಲಿ, ಪ್ರಶ್ನೆಯನ್ನು ಗೊತ್ತುಮಾಡುವವನ ಕೈಯಲ್ಲಿ ಅರ್ಧ ತೀರ್ಮಾನವಿರುತ್ತದೆ.

ಮೂರು ವರ್ಷ ಈ ಮಾತನ್ನು ಹೊರಗೆ ಮುಟ್ಟಿಸಿದ ವಾಹಕಗಳು ನಾನಾ ಬಗೆಯವು. ದಿನಪತ್ರಿಕೆಗಳ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲಿನ ಸುದ್ದಿ ಬರೆಯುವ ತಾಲ್ಲೂಕು ವರದಿಗಾರ ಇಂತಹ ಸಂದರ್ಭದಲ್ಲಿ ಮಾಡುವ ಸೇವೆಯನ್ನು ಸ್ಮರಿಸುವವರು ಕಡಮೆ. ಧರಣಿ ನೂರನೆಯ ದಿನಕ್ಕೆ, ಐನೂರನೆಯ ದಿನಕ್ಕೆ, ಸಾವಿರದ ದಿನಕ್ಕೆ ಎಂದು ಆ ಸಣ್ಣ ಸುದ್ದಿಗಳು ಲೆಕ್ಕವನ್ನು ಜೀವಂತವಾಗಿಟ್ಟವು. ಕೈಯಲ್ಲಿರುವ ಫೋನಿನಲ್ಲಿ ಚಿತ್ರೀಕರಿಸಿದ ಭಾಷಣಗಳು ಊರಿಂದೂರಿಗೆ ಹರಿದಾಡಿದವು. ರೈತ, ದಲಿತ, ಕಾರ್ಮಿಕ ಸಂಘಟನೆಗಳು ಸಂಯುಕ್ತ ಹೋರಾಟ ಕರ್ನಾಟಕದ ಹೆಸರಿನಲ್ಲಿ ಜತೆಗೂಡಿದವು. ಸಾಹಿತಿಗಳೂ ಚಿಂತಕರೂ ಬಂದರು. ನಟ ಪ್ರಕಾಶ್ ರಾಜ್ ಅವರು ಧರಣಿಯ ಪರವಾಗಿ ಬಹಿರಂಗವಾಗಿ ನಿಂತರು.

2025ರ ಜೂನ್ ತಿಂಗಳ ಕಡೆಯ ವಾರದಲ್ಲಿ ಪ್ರಸಂಗವು ನಿರ್ಣಾಯಕ ಘಟ್ಟವನ್ನು ಮುಟ್ಟಿತು. ಮೂರು ಗ್ರಾಮಗಳ 495 ಎಕರೆಯನ್ನು ಬಿಟ್ಟು ಉಳಿದುದನ್ನು ಸ್ವಾಧೀನ ಮಾಡಿಕೊಳ್ಳುವುದಾಗಿ ಸರ್ಕಾರ ಹೇಳಿತು. ಕೆಲವರಿಗೆ ಬಿಡುಗಡೆ ಕೊಟ್ಟರೆ ಒಗ್ಗಟ್ಟು ಸಡಿಲವಾಗುವುದೆಂಬ ನಿರೀಕ್ಷೆ ಯಾರಿಗಾದರೂ ಇದ್ದಿದ್ದರೆ ಅದು ಫಲಿಸಲಿಲ್ಲ. ಜೂನ್ 25ರಂದು ‘ದೇವನಹಳ್ಳಿ ಚಲೋ’ ನಡೆಯಿತು. ಅಂದು ಪೊಲೀಸರು ಧರಣಿನಿರತರನ್ನು ಬಲವಂತವಾಗಿ ಎಬ್ಬಿಸಿ ವಶಕ್ಕೆ ತೆಗೆದುಕೊಂಡರು. ವಯಸ್ಸಾದ ರೈತರನ್ನೂ ಹೆಂಗಸರನ್ನೂ ವಾಹನಕ್ಕೆ ಹತ್ತಿಸುವ ದೃಶ್ಯ ಅದೇ ಸಂಜೆ ನಾಡಿನ ಮನೆಮನೆಗಳಲ್ಲಿ ಕಾಣಿಸಿತು. ಸಾವಿರ ದಿನಗಳ ಶಾಂತವಾದ ಮಾತು ಮಾಡಲಾರದ ಕೆಲಸವನ್ನು ಆ ಒಂದು ಸಂಜೆಯ ದೃಶ್ಯ ಮಾಡಿತೆಂದು ಹೇಳುವವರಿದ್ದಾರೆ. ನಾನು ಹಾಗೆಣಿಸುವುದಿಲ್ಲ, ಸಾವಿರ ದಿನಗಳ ಮಾತು ಹಿಂದೆ ಇದ್ದುದರಿಂದಲೇ ನೋಡಿದವರಿಗೆ ಆ ದೃಶ್ಯದ ಅರ್ಥ ತಿಳಿಯಿತು. ಧರಣಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನಕ್ಕೆ ಸಾಗಿತು. ಜುಲೈ 4ರಂದು ಮುಖ್ಯಮಂತ್ರಿಗಳು ರೈತರನ್ನು ಕರೆದು ಮಾತನಾಡಿ, ಕಾನೂನಿನ ತೊಡಕುಗಳನ್ನು ಪರಿಶೀಲಿಸಲು ಹತ್ತು ದಿನಗಳ ಕಾಲಾವಕಾಶ ಕೇಳಿದರು. ಜುಲೈ 15ರ ಘೋಷಣೆ ಅದರ ಫಲ.

ಸರ್ಕಾರ ತಲೆಬಾಗಿತು ಎಂದು ಅಂದು ಹಲವರು ಬರೆದರು. ಪ್ರಜೆಯ ಮಾತನ್ನು ಕೇಳಿ ನಿರ್ಧಾರವನ್ನು ಬದಲಿಸಿದ ಸರ್ಕಾರವನ್ನು ಸೋತ ಸರ್ಕಾರವೆಂದು ಕರೆಯುವ ಈ ಅಭ್ಯಾಸ ನಮ್ಮ ಪತ್ರಿಕಾಭಾಷೆಯಿಂದ ತೊಲಗಬೇಕು. ಕೇಳುವುದು ಸೋಲೆಂದು ಎಣಿಸುವಲ್ಲಿ ಯಾವ ಮಂತ್ರಿಯೂ ಕೇಳಲು ಮುಂದಾಗುವುದಿಲ್ಲ. ಅಮರ್ತ್ಯ ಸೇನ್ ಅವರು ಬಹುಕಾಲದಿಂದ ತೋರಿಸುತ್ತ ಬಂದಿರುವ ಒಂದು ಸಂಗತಿಯನ್ನು ಇಲ್ಲಿ ನೆನೆಯಬೇಕು: ಸ್ವತಂತ್ರ ಪತ್ರಿಕೆಗಳೂ ನಿಯತವಾದ ಚುನಾವಣೆಗಳೂ ಇರುವ ದೇಶದಲ್ಲಿ ಮಹಾಕ್ಷಾಮ ಸಂಭವಿಸುವುದಿಲ್ಲ. 1943ರ ಬಂಗಾಳದ ಕ್ಷಾಮದಲ್ಲಿ, ಯುದ್ಧಕಾಲದ ನಿರ್ಬಂಧಗಳ ನಡುವೆ, ಕಲ್ಕತ್ತೆಯ ಸ್ಟೇಟ್ಸ್‌ಮನ್ ಪತ್ರಿಕೆಯ ಸಂಪಾದಕ ಇಯಾನ್ ಸ್ಟೀಫನ್ಸ್ ಅವರು ಆಗಸ್ಟ್ ತಿಂಗಳಲ್ಲಿ ಬೀದಿಯ ಹೆಣಗಳ ಛಾಯಾಚಿತ್ರಗಳನ್ನು ಅಚ್ಚುಹಾಕಿದ ಮೇಲೆಯೇ ಲಂಡನ್ನಿನ ಆಳರಸರಿಗೆ ಅದನ್ನು ಮರೆಮಾಚುವುದು ಅಸಾಧ್ಯವಾಯಿತು. ಪತ್ರಿಕೆ ಸರ್ಕಾರಕ್ಕೆ ವೈರಿಯಾಗಿ ಈ ಕೆಲಸ ಮಾಡುವುದಿಲ್ಲ. ವೈದ್ಯನಿಗೆ ನಾಡಿ ಹೇಗೋ ಆಡಳಿತಕ್ಕೆ ಸುದ್ದಿ ಹಾಗೆ, ಅದನ್ನು ಮುಟ್ಟಿ ನೋಡದೆ ಕೊಡುವ ಔಷಧ ರೋಗಿಯನ್ನು ಕೊಲ್ಲಬಹುದು.

ಇನ್ನೊಂದು ಪಕ್ಷದ ಮಾತನ್ನು ಹೇಳದಿದ್ದರೆ ಲೇಖನ ಅಪೂರ್ಣವಾಗುತ್ತದೆ. ಭೂಮಿ ಕೊಡಲು ಸಿದ್ಧರಿದ್ದೇವೆಂದು ಹೇಳಿದ ರೈತರ ಗುಂಪೂ ಅದೇ ಹೋಬಳಿಯಲ್ಲಿ ಇದ್ದಿತು. ಜುಲೈ ತಿಂಗಳಲ್ಲಿ ಅವರೂ ಸರ್ಕಾರವನ್ನು ಕಂಡು ಮಾತನಾಡಿದರು. ಬೇಸಾಯದಲ್ಲಿ ದಣಿದವನಿಗೆ, ಮಕ್ಕಳನ್ನು ಬೇರೆ ವೃತ್ತಿಗೆ ಹಚ್ಚಬೇಕೆನ್ನುವವನಿಗೆ ಭೂಮಿ ಮಾರುವ ಸ್ವಾತಂತ್ರ್ಯ ಬೇಡವೇ? ಸ್ವಇಚ್ಛೆಯಿಂದ ಕೊಡುವವರಿಂದ ಹೆಚ್ಚಿನ ಪರಿಹಾರ ಕೊಟ್ಟು ಪಡೆಯಲಾಗುವುದೆಂದು ಮುಖ್ಯಮಂತ್ರಿಗಳು ಅದೇ ದಿನ ಹೇಳಿದುದು ಈ ದೃಷ್ಟಿಯಿಂದ ನ್ಯಾಯವಾಗಿದೆ. ಘೋಷಣೆ ಹೊರಬಿದ್ದೊಡನೆ ನೆರೆಯ ಆಂಧ್ರಪ್ರದೇಶದ ಮಂತ್ರಿ ನಾರಾ ಲೋಕೇಶ್ ಅವರು ವೈಮಾಂತರಿಕ್ಷ ಉದ್ಯಮಿಗಳನ್ನು ತಮ್ಮ ರಾಜ್ಯಕ್ಕೆ ಬಹಿರಂಗವಾಗಿ ಆಹ್ವಾನಿಸಿದರು. ಉದ್ಯೋಗವೇ ಹೊರಟುಹೋಗುವುದೆಂಬ ಆತಂಕವನ್ನು ಹುಸಿಯೆಂದು ತಳ್ಳಿಹಾಕಲಾಗದು. ದೇವನಹಳ್ಳಿಯ ಬಳಿಯಲ್ಲೇ 2024ರ ಜನವರಿಯಲ್ಲಿ ಬೋಯಿಂಗ್ ಸಂಸ್ಥೆಯ 43 ಎಕರೆಯ ಕೇಂದ್ರ ಆರಂಭವಾದುದನ್ನು ನೋಡಿದ ಪದವೀಧರ ತರುಣನೊಬ್ಬ, ಇಂಥವು ಇನ್ನಷ್ಟು ಬರಲಿ ಎಂದು ಬಯಸಿದರೆ ಅದೂ ಜನಾಭಿಪ್ರಾಯದ ಒಂದು ಭಾಗವೇ. ಗಟ್ಟಿಯಾಗಿ ಕೂಗಿದವರದೇ ಜನಾಭಿಪ್ರಾಯವೆಂದಾದರೆ, ಕೂಗಲು ಬಲವಿಲ್ಲದವರ ಗತಿಯೇನು? ಇದೇ ಜಿಲ್ಲೆಯ ದೊಡ್ಡಬಳ್ಳಾಪುರದ ಬಳಿ ದೊಡ್ಡತುಮಕೂರು, ಚಿಕ್ಕತುಮಕೂರು ಕೆರೆಗಳಿಗೆ ಕಾರ್ಖಾನೆಗಳ ಕೊಳಕು ನೀರೂ ಪಟ್ಟಣದ ಚರಂಡಿಯೂ ಸೇರುತ್ತಿರುವುದನ್ನು ಅಲ್ಲಿಯವರು ವರ್ಷಗಳಿಂದ ಹೇಳುತ್ತಿದ್ದಾರೆ. ಅವರ ದೂರು ಚನ್ನರಾಯಪಟ್ಟಣದ ಧರಣಿಯಷ್ಟು ದೂರ ಕೇಳಿಸಲಿಲ್ಲ. ಸತ್ಯಾಂಶ ಅದರಲ್ಲಿ ಕಡಮೆಯೆಂದು ಇದರ ಅರ್ಥವಲ್ಲ.

ಈ ಕಾರಣದಿಂದಲೇ, ಮಾತು ಕೇಳಿಸಬೇಕಾದರೆ 1,198 ದಿನ ಬೀದಿಯಲ್ಲಿ ಕೂರಬೇಕಾಗುವ ಸ್ಥಿತಿಯನ್ನು ನಾವು ಹೊಗಳಿ ಸುಮ್ಮನಾಗಬಾರದು. ಅಷ್ಟು ದಿನಗಳಲ್ಲಿ ಬಿತ್ತನೆಯ ಹದ ತಪ್ಪಿದವರೆಷ್ಟು ಮಂದಿ, ಕೂಲಿ ಬಿಟ್ಟು ಬಂದವರೆಷ್ಟು ಮಂದಿ! ಅಭಿಪ್ರಾಯವನ್ನು ಮೊದಲೇ ಕೇಳುವ ಸಂಸ್ಥೆಗಳು ನಮ್ಮಲ್ಲಿ ಇಲ್ಲದಿಲ್ಲ. 1993ರ ಪಂಚಾಯತ್ ರಾಜ್ ಶಾಸನದ ಪ್ರಕಾರ ವರ್ಷಕ್ಕೆ ಎರಡು ಸಲವಾದರೂ ಗ್ರಾಮಸಭೆ ಸೇರಬೇಕು. ಅದಕ್ಕೂ ಕೆಳಗೆ ವಾರ್ಡ್ ಸಭೆಯಿದೆ. ಊರಿನ ಪ್ರತಿಯೊಬ್ಬ ಮತದಾರನೂ ಅದರ ಸದಸ್ಯ. 2005ರ ಮಾಹಿತಿ ಹಕ್ಕಿನ ಶಾಸನದಂತೆ ಹತ್ತು ರೂಪಾಯಿಯ ಅರ್ಜಿ ಕೊಟ್ಟರೆ ಮೂವತ್ತು ದಿನಗಳೊಳಗೆ ಕಡತದ ನಕಲು ಕೊಡಬೇಕು. ಆದರೆ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ರಾಜ್ಯದಲ್ಲಿ ಅವುಗಳಿಗೆ ಚುನಾವಣೆ ನಡೆಯಲಿಲ್ಲ. ಧರಣಿ ನಡೆದ ಅಷ್ಟೂ ಕಾಲ ಬೀರಸಂದ್ರದ ಬಳಿಯ ಜಿಲ್ಲಾಡಳಿತ ಭವನದಲ್ಲಿ ಅಧಿಕಾರಿಗಳಿದ್ದರು. ಜಿಲ್ಲೆಯ ಪರವಾಗಿ ಎದ್ದು ನಿಂತು ಪ್ರಶ್ನೆ ಕೇಳುವ ಚುನಾಯಿತ ಜಿಲ್ಲಾ ಪಂಚಾಯತಿ ಸದಸ್ಯನೊಬ್ಬನೂ ಇರಲಿಲ್ಲ. ಮಾತು ಬೀದಿಗೆ ಬಂದುದಕ್ಕೆ, ಅದು ಕೂರಬೇಕಾಗಿದ್ದ ಮನೆಯ ಬಾಗಿಲು ಮುಚ್ಚಿದ್ದುದೂ ಒಂದು ಕಾರಣ.

ಸರ್ಕಾರ ಮಾಡಬೇಕಾದ ಕೆಲಸ ಸ್ಪಷ್ಟವಾಗಿದೆ. ಜಿಲ್ಲಾ, ತಾಲ್ಲೂಕು ಪಂಚಾಯತಿಗಳ ಚುನಾವಣೆಯನ್ನು ನಡೆಸಬೇಕು. 1966ರ ಶಾಸನಕ್ಕೆ ತಿದ್ದುಪಡಿ ತಂದು, ಪ್ರಾಥಮಿಕ ಅಧಿಸೂಚನೆಗೆ ಮುಂಚೆ ಆಯಾ ಗ್ರಾಮಸಭೆಯ ಅಭಿಪ್ರಾಯವನ್ನು ಪಡೆದು ಪ್ರಕಟಿಸುವುದನ್ನು ಕಡ್ಡಾಯ ಮಾಡಬೇಕು. ಓದುಗರಲ್ಲಿಯೂ ಒಂದು ವಿಜ್ಞಾಪನೆ. ನೀವು ಹೊಸಕೋಟೆಯವರಾಗಿರಿ, ನೆಲಮಂಗಲದವರಾಗಿರಿ, ನಾಡಿನ ಬೇರಾವ ಮೂಲೆಯವರೇ ಆಗಿರಿ, ನಿಮ್ಮ ಗ್ರಾಮ ಪಂಚಾಯತಿಯ ಸೂಚನಾ ಫಲಕವನ್ನು ನಿಂತು ಓದಿ. ಮುಂದಿನ ಗ್ರಾಮಸಭೆ ಎಂದೆಂದು ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರನ್ನು (ಪಿಡಿಒ) ಕೇಳಿ ತಿಳಿದುಕೊಳ್ಳಿ. ಮನೆಯ ಹೆಣ್ಣುಮಕ್ಕಳನ್ನೂ ಕರೆದುಕೊಂಡು ಹೋಗಿ, ಹೇಳಬೇಕಾದುದನ್ನು ಎದ್ದು ನಿಂತು ಹೇಳಿ, ಹೇಳಿದುದು ನಡಾವಳಿ ಪುಸ್ತಕದಲ್ಲಿ ದಾಖಲಾಗಿದೆಯೇ ಎಂದು ನೋಡಿ ಸಹಿ ಹಾಕಿ ಬನ್ನಿ.